ಮೋಟರ್‌ಹೋಮ್ ಹಿಂದೆ ಕಾರು: ಡಾಲಿ, ಟ್ರೇಲರ್, ಟೋ ಬಾರ್‌ಗಳಲ್ಲಿ ರಿವರ್ಸ್ ಯಾವುದಕ್ಕಾಗುತ್ತದೆ?

ಇಲ್ಲಿ ಅಮೆರಿಕದಲ್ಲಿ ಮೋಟರ್‌ಹೋಮ್ (ಒಳಗೇ ಮನೆಯಿರುವ ದೊಡ್ಡ ಗಾಡಿ) ಕೊಳ್ಳಬೇಕೆಂದಿರುವ ನಮ್ಮವರು ಸಿಕ್ಕಾಗಲೆಲ್ಲ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಹಿಂದೆ ಕಾರು ಕಟ್ಕೊಂಡು ಹೋಗ್ತೀರಲ್ಲ ಅಕ್ಕ, ರಿವರ್ಸ್ ಹೇಗೆ ತಗೋತೀರಿ?" ತಗೊಳ್ಳುವುದಿಲ್ಲ. ಕಾರನ್ನು ಬಿಚ್ಚುತ್ತೇವೆ. ನಮ್ಮ ಹತ್ತಿರ ರಿವರ್ಸ್ ಚೆನ್ನಾಗಿಯೇ ಆಗುತ್ತಿದ್ದ ಟ್ರೇಲರ್ ಇತ್ತು. ಅದನ್ನು ಬಿಟ್ಟು, ರಿವರ್ಸೇ ಆಗದ ಟೋ ಬಾರ್‌ಗೆ (ಕಾರನ್ನು ನೆಲದ ಮೇಲೇ ಉರುಳಿಸುತ್ತಾ ಎಳೆಯುವ ಸರಳು) ಬೇಕೆಂದೇ ಬಂದೆವು. ಡಾಲಿ (ಕಾರಿನ ಮುಂದಿನ ಎರಡು ಚಕ್ರ ಮಾತ್ರ ಹತ್ತುವ ಗಿಡ್ಡ ಗಾಡಿ), ಟ್ರೇಲರ್, ಟೋ ಬಾರ್ ಮೂರನ್ನೂ ಎಳೆದು ನೋಡಿದವಳಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: "ಇದು ರಿವರ್ಸ್ ಆಗುತ್ತಾ?" ಅಂತ ಕೇಳುವ ಬದಲು "ಇದನ್ನು ಎಷ್ಟು ಬೇಗ ಬಿಚ್ಚಬಹುದು?" ಅಂತ ಕೇಳಿ.

ನಮ್ಮದು ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದ 31 ಅಡಿಯ ಕ್ಲಾಸ್ ಸಿ (ವ್ಯಾನಿನ ಮುಂಭಾಗದ ಹಿಂದೆ ಮನೆ ಕಟ್ಟಿದ ನಮೂನೆಯ) ಗಾಡಿ. ಇಷ್ಟು ದೊಡ್ಡ ಮನೆಯನ್ನು ಓಡಿಸುತ್ತಿರುವಾಗ ಕಾರೂ ಯಾಕೆ ಎನ್ನುವವರು ಮೊಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕಿಗೆ ಹೋಗಿ ನೋಡಬೇಕು. ಅಲ್ಲಿನ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿಯನ್ನು ಬಿಡುವುದಿಲ್ಲ. ಮೋಟರ್‌ಹೋಮನ್ನು ಕ್ಯಾಂಪಿನಲ್ಲಿ ನಿಲ್ಲಿಸಿ ಕಾರಿನಲ್ಲೇ ಹೋಗಬೇಕು. ಹಾಲು, ತರಕಾರಿ ತರುವುದಕ್ಕೂ ಅಷ್ಟೇ.

ಮೊದಲು ಡಾಲಿಯ ವಿಚಾರ. ಆಗ ನಮ್ಮ ಹತ್ತಿರ ಇದ್ದದ್ದು ಆಟೋಮ್ಯಾಟಿಕ್ ಕೊರೊಲಾ. ಅದರ ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯಬೇಡಿ ಎಂದು ಟೊಯೋಟಾ ಕಂಪನಿಯೇ ಹೇಳುತ್ತದೆ. ಮುಂದಿನ ಚಕ್ರಗಳಿಂದ ಓಡುವ ಕಾರಾದ್ದರಿಂದ ಆ ಎರಡು ಚಕ್ರಗಳನ್ನು ಡಾಲಿಯ ಮೇಲೆ ಹತ್ತಿಸಿ ಪಟ್ಟಿ ಬಿಗಿದರೆ ಆಯಿತು. ಅಗ್ಗದ ದಾರಿ, ಕಾರಿಗೆ ಏನನ್ನೂ ಕೊರೆದು ಕೂರಿಸಬೇಕಿಲ್ಲ. ಮುಂದಕ್ಕೆ ಹೋಗುವಷ್ಟು ಹೊತ್ತು ಯಾವ ತಕರಾರೂ ಇಲ್ಲ.

ಹಿಂದಕ್ಕೆ ಹೋಗಬೇಕಾದಾಗ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಕಾಲದಲ್ಲಿ ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿರುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಒಂದು ಟ್ರೇಲರ್ ಇದ್ದರೆ ಪಳಗಿದ ಡ್ರೈವರ್ ಎಲ್ಲಿ ಬೇಕಾದರೂ ಹಿಂದಕ್ಕೆ ತಳ್ಳಿ ನಿಲ್ಲಿಸುತ್ತಾನೆ, ಎರಡನೆಯದು ಸೇರಿತೆಂದರೆ ಅದು ಅವನ ಮಾತು ಕೇಳುವುದಿಲ್ಲ. ನಮ್ಮ ಡಾಲಿಯಲ್ಲೂ ಎರಡು ಕೀಲು: ಹಿಚ್ಚಿನ (ಮೋಟರ್‌ಹೋಮಿನ ಹಿಂದೆ ಎಳೆಯಲು ಇರುವ ಕೊಂಡಿ) ಗುಂಡಿನ ಹತ್ತಿರ ಒಂದು, ಕಾರಿನ ಚಕ್ರ ಕೂತ ತಿರುಗುವ ತಟ್ಟೆಯಲ್ಲಿ ಇನ್ನೊಂದು. ಮೊದಲ ಕೀಲನ್ನು ಸರಿಮಾಡುವಷ್ಟರಲ್ಲಿ ಎರಡನೆಯದು ಮಡಚಿಕೊಂಡಿರುತ್ತದೆ.

ಸರಿ, ಬಿಚ್ಚೋಣ ಎಂದರೆ ಅದೂ ಸುಲಭವಲ್ಲ. ಪಟ್ಟಿ ಸಡಿಲಿಸಿ ಕಾರನ್ನು ಹಿಂದಕ್ಕೇ ಇಳಿಸಬೇಕು, ಅದಕ್ಕೆ ಹಿಂದೆ ಜಾಗ ಬೇಕು. ಕಾರು ಇಳಿದ ಮೇಲೂ ಡಾಲಿ ಉಳಿಯುತ್ತದೆ. ಖಾಲಿ ಡಾಲಿ ಗಿಡ್ಡ. ಗಿಡ್ಡದ್ದು ರಿವರ್ಸಿನಲ್ಲಿ ಕ್ಷಣದಲ್ಲಿ ಅಡ್ಡ ತಿರುಗುತ್ತದೆ, ಮೇಲಾಗಿ ಮೋಟರ್‌ಹೋಮಿನ ಅಗಲದ ಹಿಂದೆ ಅಡಗಿ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಅದನ್ನೂ ಬಿಚ್ಚಿ ಇಬ್ಬರೂ ಸೇರಿ ಕೈಯಲ್ಲಿ ತಳ್ಳುತ್ತಿದ್ದೆವು. ಮಳೆಯಲ್ಲಿ, ಇಳಿಜಾರಿನಲ್ಲಿ ಈ ಕೆಲಸ ನನಗಂತೂ ಬೇಡ.

ಆಮೇಲೆ ಬಂತು ಟ್ರೇಲರ್. ಕಾರು ಪೂರ್ತಿ ಮೇಲೆ ಹತ್ತುವ, ಎರಡು ಅಚ್ಚಿನದು. ಕೀಲು ಒಂದೇ. ಸ್ಟೀರಿಂಗಿನ ಕೆಳತುದಿ ಹಿಡಿದುಕೊಳ್ಳಬೇಕು, ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಒಯ್ಯಬೇಕು. ಸ್ವಲ್ಪ ಸ್ವಲ್ಪ ಮಾತ್ರ, ಅದೂ ನಿಧಾನವಾಗಿ. ಓರೆ ಜಾಸ್ತಿಯಾಯಿತು ಅನಿಸಿದರೆ ಹಿಂದಕ್ಕೆ ತಳ್ಳುತ್ತಲೇ ಸರಿಮಾಡಲು ಹೋಗಬಾರದು. ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಶುರು ಮಾಡಬೇಕು. ಕ್ಲಾಸ್ ಸಿ ಓಡಿಸುವವರು ಗಮನಿಸಬೇಕಾದ ಇನ್ನೊಂದು ಸಂಗತಿ: ನಮ್ಮ ಗಾಡಿಯ ಹಿಂಬದಿ ಚಕ್ರದಿಂದ ಹಿಚ್ಚಿನವರೆಗೆ ಬಹಳ ಉದ್ದ ಚಾಚಿಕೊಂಡಿರುತ್ತದೆ. ಸ್ಟೀರಿಂಗ್ ಚೂರು ಆಡಿಸಿದರೂ ಹಿಚ್ಚು ಪಕ್ಕಕ್ಕೆ ದೊಡ್ಡದಾಗಿ ಬೀಸುತ್ತದೆ, ಟ್ರೇಲರ್ ಬೇಗ ತಿರುಗುತ್ತದೆ. ಪಿಕಪ್ ಟ್ರಕ್ಕಿನಲ್ಲಿ ಕಲಿತ ಕೈ ಇಲ್ಲಿ ಇನ್ನೂ ಹಗುರವಾಗಬೇಕು. ಹೊರಗೆ ನಿಂತು ವಾಕಿಟಾಕಿಯಲ್ಲಿ ದಾರಿ ಹೇಳುವವರೊಬ್ಬರು ಬೇಕೇ ಬೇಕು. ನಮ್ಮಲ್ಲಿ ನಾನು ಓಡಿಸುತ್ತೇನೆ, ನಮ್ಮ ಯಜಮಾನರು ಹೊರಗಿರುತ್ತಾರೆ. ಎಡ, ಬಲ ಎನ್ನುವ ಮಾತು ಬಿಟ್ಟು "ನಿನ್ನ ಕಡೆ", "ಆ ಕಡೆ" ಎಂದು ಮಾಡಿಕೊಂಡ ಮೇಲೆ ಗೊಂದಲ ಹೋಯಿತು.

ಹಾಗಾದರೆ ಬಿಟ್ಟದ್ದೇಕೆ? ತೂಕಕ್ಕೆ. ಇಂಥ ಟ್ರೇಲರ್ ಖಾಲಿಯಿದ್ದಾಗಲೇ ಸುಮಾರು 2,200 ಪೌಂಡ್. ಇ-450ರಲ್ಲಿ ಗಾಡಿ, ಎಳೆಯುವ ಹೊರೆ ಎಲ್ಲ ಸೇರಿ 22,000 ಪೌಂಡ್ ದಾಟುವಂತಿಲ್ಲ. ಗಾಡಿಯೇ ಪೂರ್ತಿ ತುಂಬಿ 14,500 ಪೌಂಡ್ ಆದರೆ ಹಿಂದಿನದಕ್ಕೆ ಉಳಿಯುವುದು 7,500. ಕೊರೊಲಾಗೆ ಇದು ಸಾಕು. ಆಮೇಲೆ ಕೊಂಡ ಜೀಪ್ ರ್‍ಯಾಂಗ್ಲರ್‌ನಂಥ ಗಾಡಿಯನ್ನು ಟ್ರೇಲರಿನ ಮೇಲಿಟ್ಟರೆ ಮಿತಿಯ ಅಂಚಿಗೆ ಬರುತ್ತೇವೆ. ಸಾಲದ್ದಕ್ಕೆ ಟ್ರೇಲರಿನ ಒಟ್ಟು ತೂಕದ ಹತ್ತನೇ ಒಂದು ಭಾಗವಾದರೂ ಹಿಚ್ಚಿನ ಮೇಲೆ ಕೂರಬೇಕು, ಅದು ಉದ್ದ ಚಾಚಿದ ಹಿಂಭಾಗವನ್ನು ಅದುಮಿ ಮುಂದಿನ ಚಕ್ರಗಳ ಭಾರ ತಗ್ಗಿಸುತ್ತದೆ. ಕ್ಯಾಂಪು ತಲುಪಿದ ಮೇಲೆ ಖಾಲಿ ಟ್ರೇಲರ್ ಎಲ್ಲಿಡುವುದು ಎನ್ನುವ ಚಿಂತೆ ಬೇರೆ. ರಿವರ್ಸಿನಲ್ಲಿ ಗೆಲ್ಲುವುದು ಟ್ರೇಲರೇ, ಅನುಮಾನವಿಲ್ಲ. ಆದರೆ ಪ್ರಯಾಣದಲ್ಲಿ ರಿವರ್ಸ್ ತೆಗೆಯುವ ಪ್ರಸಂಗ ಅಪರೂಪ, ತೂಕ ಮೈಲಿ ಮೈಲಿಗೂ ಇರುತ್ತದೆ.

ಈಗಿನದು ಟೋ ಬಾರ್. ಜೀಪಿನ ಮುಂಭಾಗದ ಚೌಕಟ್ಟಿಗೆ ಬೇಸ್ ಪ್ಲೇಟ್ ಕೂರಿಸಿ, ಟೋ ಬಾರಿನ ಎರಡು ಕೈಗಳನ್ನು ಪಿನ್ನಿನಿಂದ ಸಿಕ್ಕಿಸಿದರೆ ನಾಲ್ಕೂ ಚಕ್ರ ನೆಲದ ಮೇಲೇ ಉರುಳುತ್ತಾ ಬರುತ್ತದೆ. ಹಿಚ್ಚಿನ ಮೇಲೆ ಹೊರೆ ಇಲ್ಲವೆನ್ನುವಷ್ಟು ಕಡಿಮೆ.

ಇದು ಹಿಂದಕ್ಕೆ ಏಕೆ ಹೋಗುವುದಿಲ್ಲ ಎನ್ನುವುದನ್ನು ಚೆನ್ನಾಗಿ ತಿಳಿದುಕೊಂಡರೆ ಪ್ರಯೋಗ ಮಾಡುವ ಆಸೆಯೇ ಹೋಗುತ್ತದೆ. ಕಾರಿನ ಮುಂದಿನ ಚಕ್ರ ಯಾವ ರೇಖೆಯ ಸುತ್ತ ಎಡಕ್ಕೆ ಬಲಕ್ಕೆ ತಿರುಗುತ್ತದೋ ಆ ರೇಖೆ ನೆಟ್ಟಗೆ ನಿಂತಿರುವುದಿಲ್ಲ, ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ ಟೈರು ನೆಲ ಮುಟ್ಟುವ ಜಾಗ ಆ ರೇಖೆಗಿಂತ ಹಿಂದೆ ಬೀಳುತ್ತದೆ. ಮುಂದಕ್ಕೆ ಎಳೆದಾಗ ಚಕ್ರ ತಾನಾಗಿಯೇ ನೇರವಾಗುವುದು ಇದರಿಂದ. ಹಿಂದಕ್ಕೆ ತಳ್ಳಿದಾಗ ಅದೇ ಗುಣ ತಿರುಗಿಬೀಳುತ್ತದೆ: ಎಳ್ಳಷ್ಟು ಓರೆಯಾದರೂ ಚಕ್ರಗಳು ಪೂರ್ತಿ ಒಂದು ಕಡೆಗೆ ಹೊರಳಿ ನಿಲ್ಲುತ್ತವೆ. ಆಮೇಲೆ ಕಾರು ಉರುಳುವುದಿಲ್ಲ, ಟೈರು ಉಜ್ಜಿಕೊಂಡು ಅಡ್ಡಡ್ಡ ಜಾರುತ್ತದೆ. ಅಷ್ಟು ದೊಡ್ಡ ಗಾಡಿಯ ಡ್ರೈವರ್ ಸೀಟಿನಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಬಲವೆಲ್ಲ ಟೋ ಬಾರಿನ ಕೈ, ಬೇಸ್ ಪ್ಲೇಟು, ಸ್ಟೀರಿಂಗಿನ ಸರಳುಗಳ ಮೇಲೆ ಬಿದ್ದು ಅವು ಬಾಗುತ್ತವೆ. ರೋಡ್‌ಮಾಸ್ಟರ್, ಬ್ಲೂ ಆಕ್ಸ್ ಮೊದಲಾದ ತಯಾರಕರೆಲ್ಲ ರಿವರ್ಸ್ ಬೇಡವೆಂದು ಎಚ್ಚರಿಸುವುದು ಇದಕ್ಕೇ.

ಆದರೂ ಸಿಕ್ಕಿಕೊಂಡಾಗ ಹೀಗೆ ಮಾಡಬಹುದು ಎಂದು ಸಲಹೆ ಕೊಡುವವರು ಇದ್ದಾರೆ. ಖಾಲಿ ಬಯಲಿನಲ್ಲಿ, ನಡಿಗೆಗಿಂತ ನಿಧಾನವಾಗಿ ಆ ಸಲಹೆಗಳನ್ನು ಮಾಡಿ ನೋಡಿದೆವು. ಮೋಟರ್‌ಹೋಮ್, ಜೀಪು ಎರಡೂ ನೇರ ಸಾಲಿನಲ್ಲಿದ್ದು ನೆಲ ಸಮವಾಗಿದ್ದರೆ ಒಂದೆರಡು ಅಡಿ ಹೋಗುತ್ತದೆ; ಪಿನ್ ಸಡಿಲವಾಗಲು ಅಷ್ಟು ಸಾಕು, ಅದಕ್ಕಿಂತ ಹೆಚ್ಚಿಗೆ ಇದನ್ನು ನಂಬಬೇಡಿ. ಸ್ಟೀರಿಂಗನ್ನು ಪಟ್ಟಿಯಿಂದ ನೇರಕ್ಕೆ ಕಟ್ಟಿದರೆ ಇನ್ನೂ ಸ್ವಲ್ಪ ದೂರ ಹೋಗುತ್ತದೆ, ಆದರೆ ತಿರುವು ಶುರುವಾದ ಕೂಡಲೇ ಮುಂದಿನ ಟೈರುಗಳು ಉಜ್ಜತೊಡಗುತ್ತವೆ. ಜೀಪಿನೊಳಗೆ ಒಬ್ಬರು ಕೂತು ಸ್ಟೀರಿಂಗ್ ಹಿಡಿಯುವುದು ಮೂರನೆಯದು. ಇದರಲ್ಲಿ ದೂರ ಹೆಚ್ಚು ಸಿಗುತ್ತದೆ, ಅಪಾಯವೂ ಹೆಚ್ಚು. ಎಂಜಿನ್ ಆಫ್ ಆಗಿರುವುದರಿಂದ ಪವರ್ ಸ್ಟೀರಿಂಗ್ ಇರುವುದಿಲ್ಲ, ಚಕ್ರ ಹೊರಳಿದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಗಿರ್ರನೆ ತಿರುಗುತ್ತದೆ. "ಸಾಕು, ನಿಲ್ಸು, ಬಿಚ್ಚೋಣ" ಎಂದರು ನಮ್ಮ ಯಜಮಾನರು. ನನಗೂ ಅದೇ ಸರಿ ಅನಿಸಿತು. ಬೆರಳು ಮುರಿದುಕೊಂಡು ಉಳಿಸುವ ನಿಮಿಷ ಯಾವ ಪ್ರಯೋಜನಕ್ಕೆ?

ಬಿಚ್ಚುವುದು ಕೆಲವೇ ನಿಮಿಷದ ಕೆಲಸ, ಟೋ ಬಾರ್ ಒಳ್ಳೆಯದಿದ್ದರೆ. ಹಣ ಹಾಕಬೇಕಾದ್ದು ಇಲ್ಲೇ. ಹಳೇ ನಮೂನೆಯ ಬಾರಿನಲ್ಲಿ ಗಾಡಿ ಓರೆಯಾಗಿ ನಿಂತರೆ ಕೈಗಳು ಬಿಗಿದುಕೊಂಡು ಪಿನ್ನು ಅಲ್ಲಾಡುವುದಿಲ್ಲ, ಸುತ್ತಿಗೆ ಹುಡುಕಬೇಕಾಗುತ್ತದೆ. ಬಿಗಿತವಿದ್ದರೂ ಬಿಡುವಂತೆ ಉದ್ದ ಹಿಡಿಯ ಲ್ಯಾಚ್ ಇರುವ ಬಾರುಗಳು ಬಂದಿವೆ. ಬೆಲೆ ಜಾಸ್ತಿ, ಆದರೆ ಸಿಕ್ಕಿಕೊಳ್ಳುವುದು ಯಾವಾಗಲೂ ಓರೆಯಾಗಿಯೇ, ಹಿಂದೆ ಹಾರ್ನ್ ಹೊಡೆಯುವವರು ಇರುವಾಗಲೇ. ನಮ್ಮ ಮೊದಲ ಟೋ ಬಾರಿಗೂ ಈಗಿನದಕ್ಕೂ ಇರುವ ಅಂತರ ಡಾಲಿಗೂ ಟ್ರೇಲರಿಗೂ ಇರುವ ಅಂತರಕ್ಕಿಂತ ದೊಡ್ಡದು.

ಒಂದು ಕ್ರಮ ಮಾತ್ರ ತಪ್ಪಬಾರದು. ಮೋಟರ್‌ಹೋಮಿಗೆ ಪಾರ್ಕಿಂಗ್ ಬ್ರೇಕ್, ಆಮೇಲೆ ಜೀಪಿಗೆ ಹ್ಯಾಂಡ್ ಬ್ರೇಕ್, ಅದಾದ ಮೇಲೇ ಪಿನ್ನಿಗೆ ಕೈ. ಎಳೆಯುವಾಗ ಜೀಪಿನ ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಭಾಗ) ನ್ಯೂಟ್ರಲ್‌ನಲ್ಲಿರುತ್ತದೆ. ಗೇರು ಪಾರ್ಕ್‌ನಲ್ಲಿದ್ದರೂ ಚಕ್ರಗಳು ಸ್ವತಂತ್ರ, ಪಿನ್ ಕಿತ್ತ ಕೂಡಲೇ ಇಳಿಜಾರಿಗೆ ಹೊರಟುಬಿಡುತ್ತದೆ. ಬ್ರೇಕು ಹಿಡಿದಿದೆಯೆಂದು ನೋಡಿದ ಮೇಲೆ ಕೇಬಲ್ಲು, ಲೈಟಿನ ವೈರು, ಸುರಕ್ಷತಾ ಸರಪಳಿ ತೆಗೆಯಬೇಕು. ಪಿನ್ ಬಿಗಿಯಾಗಿದ್ದರೆ ಮೋಟರ್‌ಹೋಮನ್ನು ಒಂದೆರಡು ಇಂಚು ಮುಂದೆ ಹಿಂದೆ ಮಾಡಿ ನೋಡಬೇಕು. ಮತ್ತೆ ಜೋಡಿಸಿದ ಮೇಲೆ ನೇರವಾಗಿ ಸ್ವಲ್ಪ ದೂರ ಎಳೆದು, ಬಾರಿನ ಎರಡೂ ಕೈ ಲಾಕ್ ಆದವೇ ಎಂದು ಇಳಿದು ನೋಡಲೇಬೇಕು.

ಬಿಚ್ಚುವ ಪ್ರಸಂಗ ಬರದಂತೆ ನೋಡಿಕೊಳ್ಳುವುದು ದಾರಿಯ ಯೋಜನೆಯಲ್ಲಿ ಇದೆ. ಪೆಟ್ರೋಲಿಗೆ ಟ್ರಕ್ಕುಗಳು ನಿಲ್ಲುವ ದೊಡ್ಡ ಬಂಕುಗಳು, ಕ್ಯಾಂಪಿನಲ್ಲಿ ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆಯಿಂದ ಹೊರಬರುವ ಪುಲ್-ಥ್ರೂ ಜಾಗ. ಗೊತ್ತಿಲ್ಲದ ಪಾರ್ಕಿಂಗ್ ಜಾಗಕ್ಕೆ ನುಗ್ಗುವ ಮೊದಲು ಸ್ಯಾಟಲೈಟ್ ನಕ್ಷೆಯಲ್ಲಿ ಹೊರದಾರಿ ನೋಡುತ್ತೇನೆ, ಅದು ಕಾಣದಿದ್ದರೆ ರಸ್ತೆ ಬದಿಯಲ್ಲೇ ನಿಲ್ಲಿಸಿ ಒಬ್ಬರು ನಡೆದು ಹೋಗಿ ಬರುತ್ತೇವೆ.

ಟೋ ಬಾರ್ ಎಂದು ನಿರ್ಧರಿಸಿದವರು ಕಾರು ಕೊಳ್ಳುವ ಮೊದಲು ಅದೇ ವರ್ಷದ, ಅದೇ ಮಾದರಿಯ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯಬಹುದೇ ಎನ್ನುವ ಪುಟ ತೆಗೆದು ಓದಿ. ಅಂಗಡಿಯವರ ಬಾಯಿಮಾತು ಸಾಲದು. ಹೋಂಡಾ ಸಿಆರ್-ವಿಯನ್ನು 2014ರ ಮಾದರಿಯವರೆಗೆ ಹೀಗೆ ಎಳೆಯಬಹುದಿತ್ತು. 2015ರಲ್ಲಿ ಸಿವಿಟಿ ಎಂಬ ಬೇರೆ ನಮೂನೆಯ ಗೇರ್‌ಬಾಕ್ಸ್ ಬಂದ ಮೇಲೆ ಆಗುವುದಿಲ್ಲ. ಹೊರಗಿನಿಂದ ನೋಡಿದರೆ ಆ ಎರಡೂ ವರ್ಷಗಳ ಕಾರುಗಳು ಹೆಚ್ಚುಕಮ್ಮಿ ಒಂದೇ.