ರಿಟೈರ್ ಆದ ಮೇಲೆ ಎಲ್ಲಿರೋದು: ಮಡಿಕೇರಿಯೋ, ಸಕಲೇಶಪುರವೋ, ಚಿಕ್ಕಮಗಳೂರೋ?

ಡಿಸೆಂಬರ್‌ನಲ್ಲಿ ನೋಡಿದರೆ ಮೂರೂ ಊರು ಸ್ವರ್ಗ. ನೋಡಬೇಕಾದ್ದು ಜುಲೈನಲ್ಲಿ. ಅದಕ್ಕೇ ನಾವು ಒಂದೊಂದು ಊರಲ್ಲಿ ಒಂದೊಂದು ಮಳೆಗಾಲ ಬಾಡಿಗೆ ಮನೆ ಹಿಡಿದು ಇದ್ದು ನೋಡಿದೆವು. ನಮ್ಮನೆಯವರಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದೆ, ನನಗೆ ಮಂಡಿ ನೋವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಲೆಕ್ಕವೆಲ್ಲ ಇಲ್ಲಿಂದಲೇ ಶುರು. ನಲವತ್ತಕ್ಕೇ ಕೆಲಸ ಬಿಟ್ಟು ಬೆಟ್ಟ ಹತ್ತೋಕೆ ಬರುವವರಿಗೆ ಬೇರೆಯೇ ಉತ್ತರ ಸಿಗಬಹುದು.

ಚೆಂದ ಅಂತ ನೋಡಿದರೆ ಮಡಿಕೇರಿಯೇ. ಎರಡು ಮಾತಿಲ್ಲ. ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ, ಬೆಳಗ್ಗೆ ರಾಜಾಸೀಟ್ ಕಡೆ ಹೋದರೆ ಕಾಲ ಕೆಳಗೆ ಕಣಿವೆ ತುಂಬ ಮಂಜು. ಆದರೆ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತೆ. ಇದರ ಅರ್ಥ ಏನು ಅಂತ ಮನೆಯೊಳಗೆ ಕೂತವರಿಗೆ ಗೊತ್ತು. ಬೀರು ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಇವರ ಬೆಲ್ಟಿನ ಮೇಲೆ ಹಸಿರು ಬೂಷ್ಟು. ಉಪ್ಪಿನ ಡಬ್ಬಿಯಲ್ಲಿ ನೀರು. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತೇ ಹೊರತು ಹೊತ್ತಿಕೊಳ್ಳುತ್ತಿರಲಿಲ್ಲ. ಬಟ್ಟೆ ಒಣಗಲಿ ಅಂತ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿದ್ದೆ. ಒಣಗಿದ ಸೀರೆಯೆಲ್ಲ ಹೊಗೆ ನಾತ. ಪಕ್ಕದ ಮನೆಯ ಆಂಟಿ ನೋಡಿ ನಕ್ಕರು. “ಇನ್ನೂ ಆಗಸ್ಟ್ ಬರಲಿ, ಮೇಡಂ” ಅಂದರು.

ಆಗಸ್ಟೂ ಬಂತು. ನಾವಿದ್ದ ಮನೆಯ ಹಿಂದೆ ಗುಡ್ಡ ಕಡಿದು ಮಾಡಿದ ಬರೆ. ಮೇಲಿಂದ ಕೆಳತನಕ ನೀಲಿ ಟಾರ್ಪಾಲು ಹೊದಿಸಿದ್ದರು. ಮಳೆ ಜೋರಾದ ರಾತ್ರಿ ಟಾರ್ಚ್ ಹಿಡಿದು ಕಿಟಕಿಯಿಂದ ಆ ಟಾರ್ಪಾಲು ನೋಡುವುದೇ ಇವರಿಗೆ ಕೆಲಸ. ಹೆದರಿಕೆ ಸುಮ್ನೆ ಅಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆ, ತೋಟ ಎಲ್ಲ ಹೋದವು, ಸಂಪಾಜೆ ಕಡೆಯ ರಸ್ತೆಯೂ ಮುಚ್ಚಿಹೋಯಿತು. 2020ರಲ್ಲಿ ತಲಕಾವೇರಿಯಲ್ಲೇ ಬ್ರಹ್ಮಗಿರಿ ಕುಸಿಯಿತು. ಮಡಿಕೇರಿಯಲ್ಲಿ ಮನೆ ನೋಡುವವರು ಮುಂದಿನ ನೋಟಕ್ಕಿಂತ ಮೊದಲು ಹಿಂದಿನ ಬರೆ ನೋಡಬೇಕು. ವ್ಯೂ ತೋರಿಸೋಕೆ ಬ್ರೋಕರ್ ಇದ್ದೇ ಇರುತ್ತಾರೆ, ಬರೆ ಯಾರೂ ತೋರಿಸಲ್ಲ.

ಮತ್ತೆ ಏರು-ತಗ್ಗು. ಮಹದೇವಪೇಟೆಗೆ ಇಳಿದು ಹೋಗಿ ತರಕಾರಿ ತರೋದು ಖುಷಿಯ ಕೆಲಸ. ಚೀಲ ಹಿಡಿದು ವಾಪಸ್ ಹತ್ತೋದು ನನ್ನ ಮಂಡಿಗೆ ಆಗಲಿಲ್ಲ, ಪ್ರತಿ ಸಲ ಆಟೋ. ಸರ್ಕಾರಿ ಮೆಡಿಕಲ್ ಕಾಲೇಜು 2016ರಿಂದ ಇದೆ, ಜ್ವರ, ಮೂಳೆ ಮುರಿತಕ್ಕೆ ಚಿಂತೆಯಿಲ್ಲ. ಹಾರ್ಟಿನ ದೊಡ್ಡ ಚಿಕಿತ್ಸೆ ಅಂದರೆ ಮೈಸೂರು, ಸುಮಾರು 120 ಕಿ.ಮೀ. ಕೊಡಗಿಗೆ ಇವತ್ತಿಗೂ ರೈಲಿಲ್ಲ, ಕಾರಿಲ್ಲದವರಿಗೆ ಬಸ್ಸೇ ಗತಿ. ವಯಸ್ಸಾದ ಮೇಲೆ ಮೈಸೂರಿಗೆ ಇಳಿಯುವ ಕೊಡಗಿನವರೇ ಎಷ್ಟೋ ಜನ ಇದ್ದಾರೆ. ಅದನ್ನು ನೋಡಿದ ಮೇಲೂ ನಾವು ಮೇಲಕ್ಕೆ ಹತ್ತಬೇಕಾ ಅಂತ ಇವರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಡುವೆ ಕುಶಾಲನಗರವನ್ನೂ ನೋಡಿದೆವು. ಮಡಿಕೇರಿಯಿಂದ 30 ಕಿ.ಮೀ. ಕೆಳಗೆ, ಸಮತಟ್ಟು, ಮಳೆಯೂ ಕಮ್ಮಿ. ಆದರೆ ಕಾವೇರಿ ದಡದ ಬಡಾವಣೆಗಳಿಗೆ 2018, 2019ರಲ್ಲಿ ನೀರು ನುಗ್ಗಿತ್ತು. ಹೊಳೆಯಿಂದ ದೂರದ ಸೈಟಾದರೆ ಒಳ್ಳೆಯ ಊರೇ. ಬೆಟ್ಟದ ಊರು ಅನ್ನಿಸಲಿಲ್ಲ, ಅಷ್ಟೇ.

ಸಕಲೇಶಪುರ ನಮ್ಮನೆಯವರ ಊರು. ಹುಟ್ಟೂರಲ್ಲ, ರೈಲಿಗೋಸ್ಕರ ಅವರು ಮನಸೋತ ಊರು. ಇಲ್ಲಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ತನಕದ ಘಾಟಿ ರೈಲು ದಾರಿಯಲ್ಲಿ 57 ಸುರಂಗ ಇವೆ, ನೂರಕ್ಕೂ ಹೆಚ್ಚು ಸೇತುವೆ. ಸ್ಟೇಷನ್ ಬೆಂಚಿನಲ್ಲಿ ಕೂತು ಗೂಡ್ಸ್ ಗಾಡಿಯ ಎಂಜಿನ್ ಎಣಿಸುವ ಮನುಷ್ಯನಿಗೆ ಇನ್ನೇನು ಬೇಕು? ಬೆಂಗಳೂರಿಗೂ ಮಂಗಳೂರಿಗೂ ರೈಲು, ಹೆದ್ದಾರಿ ಎರಡೂ ಇವೆ. ಹಾಸನ 40 ಕಿ.ಮೀ., ನಡುವೆ ಘಾಟಿ ಇಲ್ಲ, ಅಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಮಂಗಳೂರಿನ ದೊಡ್ಡ ಆಸ್ಪತ್ರೆಗಳೂ ಮ್ಯಾಪಿನಲ್ಲಿ ಹತ್ತಿರವೇ. ಮಳೆಗಾಲದಲ್ಲಿ ಮಾತ್ರ ಶಿರಾಡಿ ಘಾಟಿ ನಂಬೋಕಾಗಲ್ಲ. ದೋಣಿಗಾಲ್ ಹತ್ತಿರ ಮಣ್ಣು ಕುಸಿದು ರಸ್ತೆ ನಿಲ್ಲುವುದು ಅಲ್ಲಿನವರಿಗೆ ಹೊಸದೇನಲ್ಲ. 2024ರ ಜುಲೈನಲ್ಲಿ ಎಡಕುಮೇರಿ-ಕಡಗರವಳ್ಳಿ ನಡುವೆ ಕುಸಿದು ರೈಲೂ ನಿಂತಿತ್ತು.

ಊರು ಚಿಕ್ಕದು, ತಾಲ್ಲೂಕು ಕೇಂದ್ರ. ದಿನಸಿ, ಬ್ಯಾಂಕು, ಔಷಧಿ ಎಲ್ಲ ನಡೆದು ಹೋಗುವ ದೂರದಲ್ಲೇ ಸಿಗುತ್ತವೆ. ತಜ್ಞ ವೈದ್ಯರು ಬೇಕೆಂದಾಗಲೆಲ್ಲ ಹಾಸನದ ಬಸ್ಸು ಹತ್ತಬೇಕು. ಇನ್ನು ಆನೆ. ಪೇಟೆಯೊಳಗೆ ಇದ್ದರೆ ತೊಂದರೆಯಿಲ್ಲ. ನಾವು ಆಸೆಪಟ್ಟು ಹಿಡಿದದ್ದು ತೋಟದ ಪಕ್ಕದ ಮನೆ. ಬೆಳಗ್ಗೆ ವಾಕಿಂಗ್ ಹೋಗುವ ಮುಂಚೆ ವಾಟ್ಸಾಪ್‌ನಲ್ಲಿ ಆನೆ ಎಲ್ಲಿದೆ ಅಂತ ನೋಡಿಕೊಂಡು ಹೊರಡಬೇಕಿತ್ತು. ಒಮ್ಮೆ ಗೇಟಿನ ಮುಂದೆಯೇ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಸಂಜೆ ಆರಾದ ಮೇಲೆ ಹೊರಗೆ ಹೋಗಬೇಡಿ ಅಂತ ಮನೆ ಓನರ್ ತಾಕೀತು. ಡಾಕ್ಟರು ಇವರಿಗೆ ದಿನಾ ನಡೆಯಿರಿ ಅಂದಿದ್ದಾರೆ. ನಡೆಯೋದೆಲ್ಲಿ?

ಚಿಕ್ಕಮಗಳೂರಿಗೆ ಹೋದಾಗ ನನಗೆ ನಿರಾಸೆಯೇ ಆಗಿದ್ದು. ಎಂ.ಜಿ. ರೋಡ್, ಐ.ಜಿ. ರೋಡ್, ಅಂಗಡಿ ಸಾಲು, ಹಾರ್ನ್. ಯಾವುದೇ ಜಿಲ್ಲಾ ಕೇಂದ್ರದ ಹಾಗೇ ಇದೆ. ಬೆಟ್ಟ ದೂರದಲ್ಲಿ. 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿ, ರಾಜ್ಯದಲ್ಲೇ ಎತ್ತರದ ಶಿಖರ, ಮಹಡಿಯಿಂದ ಕಾಣುತ್ತೆ ಅಷ್ಟೇ. ಆದರೆ ಊರನ್ನು ಕಾಪಾಡೋದೂ ಅದೇ ಬೆಟ್ಟ. ಪಶ್ಚಿಮದಿಂದ ಬರುವ ಮೋಡಗಳು ಘಟ್ಟದ ಆಚೆಗೂ ಗಿರಿಗಳ ಮೇಲೂ ಮಳೆಯನ್ನೆಲ್ಲ ಸುರಿದು ಇಲ್ಲಿಗೆ ಬರುವಷ್ಟರಲ್ಲಿ ಹಗುರಾಗಿರುತ್ತವೆ. ಊರಿನ ಎತ್ತರ ಮಡಿಕೇರಿಗೆ ಸ್ವಲ್ಪವೇ ಕಮ್ಮಿ, ಮಳೆ ಮಾತ್ರ ಅದರ ಅರ್ಧವೂ ಇಲ್ಲ. ಜುಲೈನಲ್ಲಿ ಜಿಟಿಜಿಟಿ ಇರುತ್ತೆ, ಮಧ್ಯಾಹ್ನ ಒಂದಿಷ್ಟು ಹೊತ್ತು ಬಿಡುವು ಕೊಡುತ್ತೆ. ಆ ಬಿಡುವಿನಲ್ಲಿ ಟವೆಲ್ ಒಣಗಿತು. ಮಡಿಕೇರಿ ಮಳೆಗಾಲ ಕಂಡವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು!

ನೆಲ ಮುಕ್ಕಾಲು ಪಾಲು ಸಮತಟ್ಟು. ರತ್ನಗಿರಿ ಬೋರೆಯ ಪಾರ್ಕಿನಲ್ಲಿ ನಿಧಾನಕ್ಕೆ ಸುತ್ತು ಹಾಕಬಹುದು, ನಮ್ಮ ವಯಸ್ಸಿನವರ ಗುಂಪೇ ಸಿಗುತ್ತೆ. ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಹಾಸನಕ್ಕೆ ಬೇಲೂರಿನ ಮೇಲೆ ಸುಮಾರು 60 ಕಿ.ಮೀ., ಘಾಟಿ ಇಲ್ಲದ ರಸ್ತೆ. 2013ರಿಂದ ರೈಲೂ ಇದೆ, ಆದರೆ ಗಾಡಿಗಳು ಕಮ್ಮಿ. ಹೆಚ್ಚು ರೈಲು ಬೇಕಾದರೆ ಕಡೂರಿಗೇ ಹೋಗಬೇಕು.

ಗೋಳು ಇಲ್ಲವೆಂದಲ್ಲ. ಶನಿವಾರ-ಭಾನುವಾರ ಗಿರಿ ಕಡೆ ಹೊರಡುವ ಕಾರುಗಳಿಂದ ಕೈಮರದ ದಾರಿ ಕಟ್ಟಿಹೋಗುತ್ತೆ. ಮಾರ್ಚ್-ಏಪ್ರಿಲ್‌ನಲ್ಲಿ ಫ್ಯಾನ್ ಬೇಕೇ ಬೇಕು, ಮಡಿಕೇರಿಯ ತಂಪು ಇಲ್ಲಿ ಸಿಗಲ್ಲ. ಆ ತಂಪಿಗೋಸ್ಕರವೇ ಬೆಟ್ಟಕ್ಕೆ ಬರುವವರಾದರೆ ಈ ಊರು ಬೇಡ.

ಜಾಗದ ವಿಷಯ ಮೂರೂ ಕಡೆ ಒಂದೇ ತಲೆನೋವು. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಂಡ ಮಾತ್ರಕ್ಕೆ ಮನೆ ಕಟ್ಟಬಹುದು ಅಂತಲ್ಲ. ನಮಗೆ ತೋರಿಸಿದ ಒಂದು ಲೇಔಟಿನಲ್ಲಿ ಬ್ರೋಷರ್ ತುಂಬ ವಿಲ್ಲಾ, ಪಹಣಿಯಲ್ಲಿ ಕಾಫಿ. ಭೂಪರಿವರ್ತನೆ ಆದೇಶ ಎಲ್ಲಿ ಅಂದರೆ “ಆಗುತ್ತೆ ಸರ್, ಪ್ರೋಸೆಸ್‌ನಲ್ಲಿದೆ” ಅಂದರು. ಕೊಡಗಿನಲ್ಲಾದರೆ ಜಮ್ಮಾ, ಬಾಣೆ ಅಂತ ಹಳೇ ಕಾಲದ ಹಿಡುವಳಿಗಳ ಇನ್ನೊಂದು ಸುತ್ತು, ಲೋಕಲ್ ವಕೀಲರಿಲ್ಲದೆ ಕೈ ಹಾಕಲೇಬಾರದು.

ನಾವು ಆರಿಸಿದ್ದು ಚಿಕ್ಕಮಗಳೂರು, ಅದೂ ಸದ್ಯಕ್ಕೆ ಬಾಡಿಗೆಗೇ. ನೆಲಮಹಡಿ ಇರಬೇಕು, ಬೆಳಗಿನ ಬಿಸಿಲು ಅಡುಗೆಮನೆಗೆ ಬೀಳಬೇಕು, ನಗರಸಭೆ ನಲ್ಲಿಯ ಜೊತೆ ಬೋರ್‌ವೆಲ್ಲೂ ಇರಬೇಕು, ಶನಿವಾರವೂ ಗಿರಿ ಟ್ರಾಫಿಕ್‌ಗೆ ಸಿಕ್ಕಿಕೊಳ್ಳದೆ ಆಸ್ಪತ್ರೆ ತಲುಪುವಂತಿರಬೇಕು ಅಂತ ಪಟ್ಟಿ ಹಿಡಿದು ಹುಡುಕಿದೆವು. ಕೈಮರದ ಕಡೆ ಒಂದು ಚೆಂದದ ಮನೆ ಸಿಕ್ಕಿತ್ತು, ಈ ಕೊನೆಯ ಕಾರಣಕ್ಕೇ ಬಿಟ್ಟೆವು. ಇವರು ಇನ್ನೂ ಸಕಲೇಶಪುರ ಅಂತಲೇ ಗೊಣಗುತ್ತಾರೆ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ರೈಲು ನೋಡಿಕೊಂಡು ಬನ್ನಿ ಅಂತ ಹೇಳಿದ್ದೇನೆ.