ಸ್ಟೋರಿವೀವರ್ ಪುಸ್ತಕಗಳು: ಅಕ್ಕನ ಪಾಳಿ, ತಮ್ಮನ ಪಾಳಿ

ನನ್ನ ಮಗನಿಗೆ ಎಂಟು ವರ್ಷ, ಆಟಿಸಂ ಇದೆ. ಧಾರವಾಡದ ಲೈನ್ ಬಜಾರಿನಲ್ಲಿ ಕೈ ಹಿಡಿದು ನಡೆದರೆ ಅಂಗಡಿಗಳ ಬೋರ್ಡೆಲ್ಲ ಪಟಪಟ ಓದುತ್ತಾನೆ. ಆದರೆ ಒಂದು ಕಥೆ ಓದಿಸಿ ‘ಯಾರ್ ಅಳಾಕತ್ತಾರ?’ ಅಂತ ಕೇಳಿದರೆ ಅದೇ ಪ್ರಶ್ನೆಯನ್ನು ನಮಗೆ ತಿರುಗಿ ಹೇಳುತ್ತಿದ್ದ. ನಮ್ಮಂಥ ಮನೆಗಳಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಸ್ಟೋರಿವೀವರ್ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ವೆಬ್‌ಸೈಟ್. ಕನ್ನಡದಲ್ಲೂ ಮಕ್ಕಳ ಚಿತ್ರಪುಸ್ತಕಗಳು ಸಿಗುತ್ತವೆ. ಓದಲು, ಇಳಿಸಿಕೊಳ್ಳಲು ಒಂದು ರೂಪಾಯಿಯೂ ಕೊಡಬೇಕಿಲ್ಲ. ಪುಸ್ತಕಗಳಿಗೆ ನಾಲ್ಕು ಹಂತ. ಮೊದಲ ಹಂತದಲ್ಲಿ 250ಕ್ಕಿಂತ ಕಡಿಮೆ ಪದ, ಬಂದ ಪದವೇ ಮತ್ತೆ ಮತ್ತೆ ಬರುತ್ತದೆ. ಮಗನಿಗೆ ಹಿಡಿಸಿದ್ದು ಇದೇ. ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಅವನಿಗೆ ಗಾಬರಿ ಕಡಿಮೆ.

ಓದಿಸುವವಳು ಆರನೇ ತರಗತಿಯ ಮಗಳು. ನಾನು ಕೂತರೆ ಅವನು ಎದ್ದು ಹೋಗುತ್ತಿದ್ದ, ಪಾಠ ಅನ್ನಿಸುತ್ತಿತ್ತೇನೋ. ಅಕ್ಕ ಒಂದು ಪುಟ ಓದುತ್ತಾಳೆ, ಪುಸ್ತಕ ಅವನ ಕಡೆ ಸರಿಸಿ ‘ಈಗ ನಿನ್ ಪಾಳಿ’ ಅನ್ನುತ್ತಾಳೆ. ಚಿತ್ರದ ಮೇಲೆ ಬೆರಳಿಟ್ಟು ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ. ಕೇಳಿ ಸುಮ್ನೆ ಕೂರುತ್ತಾಳೆ. ‘ಮನಸ್ಸಿನಲ್ಲೇ ಹತ್ತು ಎಣಿಸು, ಅಷ್ಟರೊಳಗೆ ಉತ್ತರ ಹೇಳಿಕೊಡಬೇಡ’ ಅಂತ ಸ್ಪೀಚ್ ಥೆರಪಿಸ್ಟ್ ಮೇಡಂ ಅವಳಿಗೆ ಹೇಳಿಕೊಟ್ಟಿದ್ದಾರೆ. ಉತ್ತರ ಬರದಿದ್ದರೆ ‘ಅಳಾಕತ್ತಿದ್ದು ಇಲಿನೋ, ಆನಿನೋ?’ ಅಂತ ಎರಡು ಹೆಸರು ಕೊಡುತ್ತಾಳೆ. ಅವನು ಯಾವಾಗಲೂ ಕೊನೆಯ ಪದವನ್ನೇ ಹೇಳುತ್ತಾನೆ ಅಂತ ಗಮನಿಸಿದವಳೂ ಅವಳೇ. ನಾವು ದೊಡ್ಡವರು ಅದನ್ನು ಸರಿ ಉತ್ತರ ಅಂದುಕೊಂಡು ಖುಷಿಪಡುತ್ತಿದ್ದೆವು. ಈಗ ಸರಿ ಉತ್ತರವನ್ನು ಮೊದಲು ಇಡುತ್ತಾಳೆ. ಆಗ ಅವನು ಚಿತ್ರ ನೋಡಿಯೇ ಹೇಳಬೇಕು, ಅಲ್ವಾ?

ರೀಡ್‌ಅಲಾಂಗ್ ಅನ್ನುವ ವಿಡಿಯೋಗಳೂ ಇವೆ. ಧ್ವನಿ ಬಂದ ಹಾಗೆ ಆ ಪದಕ್ಕೆ ಬಣ್ಣ ಬರುತ್ತದೆ. ಚೆನ್ನಾಗಿವೆ. ಆದರೆ ನಮ್ಮವನು ಒಂದನ್ನೇ ಇಪ್ಪತ್ತು ಸಲ ನೋಡುತ್ತಾನೆ, ಹಾಗಾಗಿ ನಾವು ಕಾಗದಕ್ಕೇ ಬಂದೆವು. ಪ್ರಿಂಟ್ ಹಾಕಿಸುವವರು ಅಂಗಡಿಯಲ್ಲಿ ನಿಂತು ಹೇಳಿ ಮಾಡಿಸಿ. ಮೊದಲ ಸಲ ನಮಗೆ ಒಂದು ಹಾಳೆಗೆ ನಾಲ್ಕು ಪುಟ ಸೇರಿಸಿ ಕಪ್ಪು-ಬಿಳುಪಿನಲ್ಲಿ ಕೊಟ್ಟರು. ಮೊಬೈಲಿನಲ್ಲಿ ಕೆಂಪಗಿದ್ದ ಅಂಗಿ ಇಲ್ಲಿ ಬೂದಿ ಬಣ್ಣ. ಮಗ ಮುಟ್ಟಲೇ ಇಲ್ಲ. ಕಲರ್‌ನಲ್ಲಿ, ಹಾಳೆಗೆ ಒಂದೇ ಪುಟ, ಸ್ಪೈರಲ್ ಬೈಂಡಿಂಗ್ ಮಾಡಿಸಿ. ದುಡ್ಡು ಜಾಸ್ತಿ ಆಗುತ್ತದೆ, ಆದರೂ ಹಾಗೇ ಮಾಡಿಸಿ.

ಒಂದು ಮಾತು ಬಿಡುವ ಹಾಗಿಲ್ಲ. ಮಗಳೂ ಮಗುವೇ. ದಿನಕ್ಕೆ ಹದಿನೈದು ನಿಮಿಷ, ಅಷ್ಟೇ. ‘ಇವತ್ತು ಬ್ಯಾಡ ಅವ್ವಾ’ ಅಂದರೆ ಅವತ್ತು ಪುಸ್ತಕ ತೆಗೆಯುವುದಿಲ್ಲ. ಭಾನುವಾರ ಸಂಜೆ ತಮ್ಮನನ್ನು ಅಪ್ಪನ ಹತ್ತಿರ ಬಿಟ್ಟು ಅವಳೊಬ್ಬಳನ್ನೇ ಕೆಲಗೇರಿ ಕೆರೆಯ ಕಡೆ ಕರೆದುಕೊಂಡು ಹೋಗುತ್ತೇನೆ. ದಾರಿಯುದ್ದಕ್ಕೂ ಅವಳ ಶಾಲೆಯ ಮಾತು, ತಮ್ಮನ ಸುದ್ದಿ ಇಲ್ಲ.

ಈ ಸೈಟಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು, ಅಲ್ಲಿರುವ ಚಿತ್ರಗಳನ್ನೇ ಆರಿಸಿ ನಮ್ಮ ಸಾಲು ಬರೆದು ಪುಸ್ತಕ ಮಾಡಿಕೊಳ್ಳಬಹುದು. ಮಗನಿಗೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸೆಂದರೆ ಪ್ರಾಣ. ಸತ್ತೂರು, ನವಲೂರು, ರಾಯಾಪುರ, ನವನಗರ ಅಂತ ಸ್ಟಾಪುಗಳನ್ನು ಹಾಡಿನ ಹಾಗೆ ಹೇಳುತ್ತಾನೆ. ಮಗಳು ಒಂದು ಬಸ್ಸಿನ ಚಿತ್ರ ಹುಡುಕಿ ಕಥೆ ಕಟ್ಟಿದಳು. ‘ನವಲೂರಿನಲ್ಲಿ ಅಜ್ಜ ಹತ್ತಿದರು. ಸೀಟು ಖಾಲಿ ಇರಲಿಲ್ಲ. ಅಜ್ಜನ ಕಾಲು ನೋಯುತ್ತಿತ್ತು. ಹುಡುಗ ಎದ್ದು ಸೀಟು ಕೊಟ್ಟ.’ ಹೀಗೆ ಪುಟಕ್ಕೊಂದು ಸಾಲು.

ನಾಲ್ಕನೇ ದಿನ ಓದಿ ಮುಗಿಸಿದ ಮೇಲೆ ಅವನು ಪುಸ್ತಕ ಮುಚ್ಚಲಿಲ್ಲ. ‘ಅಜ್ಜ ಎಲ್ಲಿ ಇಳಿದ?’ ಅಂತ ಕೇಳಿದ. ನಾನು ಒಲೆ ಮುಂದೆ ಇದ್ದೆ, ರೊಟ್ಟಿ ಹಂಚಿನ ಮೇಲೆ ಹಾಗೇ ಹೊತ್ತಿತು. ಇಷ್ಟು ವರ್ಷದಲ್ಲಿ ಒಂದು ಕಥೆಯ ಬಗ್ಗೆ ಅವನೇ ಕೇಳಿದ ಮೊದಲ ಪ್ರಶ್ನೆ ಅದು. ಅಕ್ಕ ಅವಸರ ಮಾಡಲಿಲ್ಲ. ‘ನೀನ ಹೇಳು’ ಅಂದು ಹತ್ತು ಎಣಿಸಿದಳು.

ಅಜ್ಜ ಉಣಕಲ್ಲಿನಲ್ಲಿ ಇಳಿದರು. ಆ ಪುಟವನ್ನೂ ಪ್ರಿಂಟ್ ಹಾಕಿಸಿ ಸೇರಿಸಿದ್ದೇವೆ.