ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲು ನೋಡಲು ಸಂಡೂರೋ, ಬಾಬಾಬುಡನ್‌ಗಿರಿಯೋ?

ಎರಡೂ ಕಡೆಯ ಕಲ್ಲು ಹುಟ್ಟಿದ್ದು 250 ಕೋಟಿ ವರ್ಷಗಳಿಗೂ ಹಿಂದೆ, ಸಮುದ್ರದ ತಳದಲ್ಲಿ. ನೀರಲ್ಲಿ ಕರಗಿದ್ದ ಕಬ್ಬಿಣ ತುಕ್ಕಿನಂತೆ ಗಟ್ಟಿಯಾಗಿ ತಳ ಸೇರಿತು. ನಡುನಡುವೆ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವಿನ ಪದರ ಕೂತಿತು. ಈ ಕೆಲಸದಲ್ಲಿ ಸೂಕ್ಷ್ಮಜೀವಿಗಳ ಪಾತ್ರವೂ ಇತ್ತು ಅನ್ನುತ್ತಾರೆ.

ಪಟ್ಟೆಗಳನ್ನೇ ನೋಡಬೇಕಾ? ಹಾಗಾದರೆ ಬಾಬಾಬುಡನ್‌ಗಿರಿಯೇ ಸರಿ. ಬೆಟ್ಟದ ನೆತ್ತಿಯಲ್ಲೇ ಈ ಕಲ್ಲಿದೆ. ಕಪ್ಪು ಪಟ್ಟೆ, ಬಿಳಿ ಪಟ್ಟೆ, ಮತ್ತೆ ಕಪ್ಪು. ಕೆಲವು ಕೂದಲೆಳೆಯಷ್ಟೇ ತೆಳು. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಇರುವ ಕಡೆ ಅಯಸ್ಕಾಂತ ಹಿಡಿದರೆ ಗಟ್ಟಿಯಾಗಿ ಅಂಟುತ್ತದೆ.

ಅದಿರು ಹೇಗಾಯಿತು ಎಂಬ ಕುತೂಹಲ ಜಾಸ್ತಿ ಇದ್ದರೆ ಸಂಡೂರಿಗೆ ಹೋಗಿ. ಪಟ್ಟೆಕಲ್ಲಲ್ಲಿ ಕಬ್ಬಿಣ ಸಾಮಾನ್ಯವಾಗಿ ಶೇ. 30ರ ಆಸುಪಾಸು ಅಷ್ಟೇ. ಇಲ್ಲಿ ನೀರು ಯುಗಯುಗಗಳ ಕಾಲ ಸಿಲಿಕಾವನ್ನು ತೊಳೆದು, ಕಬ್ಬಿಣ ಶೇ. 60 ದಾಟುವ ಹೆಮಟೈಟ್ ಎಂಬ ಅದಿರನ್ನು ಉಳಿಸಿದೆ. ಗಣಿಯೊಳಗೆ ಹೋಗಲು ಅನುಮತಿ ಬೇಕು.

ಮೊದಲ ಸಲವಾದರೆ ನನ್ನ ಮತ ಬಾಬಾಬುಡನ್‌ಗಿರಿಗೆ.